ಹಳೇ ಲಿವರ್, ಹೊಸ ಕ್ಯಾಸೆಟ್: ಯಾವುದಕ್ಕೆ ಯಾವುದು ಹೊಂದುತ್ತದೆ?

ಹಳೇ ಸ್ಟೀಲ್ ಸೈಕಲ್ ಫ್ರೇಮು, ಅದರ ಡೌನ್‌ಟ್ಯೂಬ್ (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಪೈಪು) ಮೇಲೆ ಎರಡು ಪುಟ್ಟ ಗೇರ್ ಲಿವರ್. ಹಿಂದಿನ ಚಕ್ರಕ್ಕೆ ಮಾತ್ರ ಹೊಸ ಕ್ಯಾಸೆಟ್, ಅಂದರೆ ಕಾಗ್ ಎಂಬ ಹಲ್ಲುಚಕ್ರಗಳ ಗೊಂಚಲು, ಹಾಕುವ ಆಸೆ. ಆಗ ಎಲ್ಲರ ಬಾಯಲ್ಲೂ ಬರುವ ಮೊದಲ ಪ್ರಶ್ನೆ ಒಂದೇ: ಈ ಲಿವರ್ 10 ಸ್ಪೀಡ್‌ಗೆ (ಹತ್ತು ಕಾಗ್‌ನ ಕ್ಯಾಸೆಟ್‌ಗೆ) ಆಗುತ್ತದಾ, 11ಕ್ಕೆ ಆಗುತ್ತದಾ?

ಕ್ಲಿಕ್ ಇಲ್ಲದ ಫ್ರಿಕ್ಷನ್ ಲಿವರ್‌ಗೆ ಈ ಪ್ರಶ್ನೆ ಅರ್ಥವೇ ಆಗುವುದಿಲ್ಲ. ಹಿಂದೆ ಎಷ್ಟು ಕಾಗ್ ಇದೆ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಅದಕ್ಕೆ ಬೇಕಾದದ್ದು ಒಂದೇ ಲೆಕ್ಕ: ಚಿಕ್ಕ ಕಾಗ್‌ನಿಂದ ದೊಡ್ಡ ಕಾಗ್‌ವರೆಗೆ ಹೋಗಲು ಒಟ್ಟು ಎಷ್ಟು ಮಿಲಿಮೀಟರ್ ಕೇಬಲ್ ಎಳೆಯಬೇಕು. ಅದನ್ನು ಕ್ಯಾಸೆಟ್‌ಗಿಂತ ಜಾಸ್ತಿ ನಿರ್ಧರಿಸುವುದು ಹಿಂದಿನ ಡಿರೈಲರ್, ಅಂದರೆ ಚೈನನ್ನು ಒಂದು ಕಾಗ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ. ಆದ್ದರಿಂದ ಮೊದಲು ಡಿರೈಲರ್ ಆರಿಸಿ, ಆಮೇಲೆ ಕ್ಯಾಸೆಟ್. ಲಿವರ್ ಹೇಗೂ ಕೈಯಲ್ಲೇ ಇದೆ, ಅಲ್ವಾ?

ಡಿರೈಲರ್ ಲೆಕ್ಕ

ಒಂದು ಮಿಲಿಮೀಟರ್ ಕೇಬಲ್ ಎಳೆದಾಗ ಡಿರೈಲರ್ ಎಷ್ಟು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಸಂಖ್ಯೆ. ಸೈಕಲ್ ಬಿಡಿಭಾಗ ಮಾಡುವ ಜಪಾನಿನ ಶಿಮಾನೊ ಕಂಪನಿಯ ಹಳೇ ಲೆಕ್ಕದಲ್ಲಿ ಇದು ಸುಮಾರು 1.7. ಈ 1.7 ತುಂಬಾ ಕಾಲ ಬಾಳಿತು: 6, 7, 8, 9 ಸ್ಪೀಡ್ ಡಿರೈಲರ್‌ಗಳು, ರೋಡ್ ಆಗಲಿ ಮೌಂಟನ್ ಆಗಲಿ, ಹೆಚ್ಚುಕಡಿಮೆ ಎಲ್ಲ ಇದೇ. ರೋಡ್ 10 ಸ್ಪೀಡ್ ಕೂಡ ಬಹುಪಾಲು ಇದೇ. ರೋಡ್ 11 ಸ್ಪೀಡ್ ಬಂದಾಗ ಅದು ಸುಮಾರು 1.4ಕ್ಕೆ ಇಳಿಯಿತು. ಮೌಂಟನ್ 10 ಸ್ಪೀಡ್‌ನಲ್ಲಿ 1.2, ಮೌಂಟನ್ 11ರಲ್ಲಿ 1.1. ಸಂಖ್ಯೆ ಇಳಿದಷ್ಟೂ ಅದೇ ದೂರ ಸರಿಸಲು ಜಾಸ್ತಿ ಕೇಬಲ್ ಎಳೆಯಬೇಕು.

ಈಗ ಕಾಗ್‌ಗಳ ನಡುವಿನ ದೂರ. ಒಂದು ಕಾಗ್‌ನ ಮಧ್ಯದಿಂದ ಪಕ್ಕದ್ದರ ಮಧ್ಯಕ್ಕೆ ಶಿಮಾನೊ 7 ಸ್ಪೀಡ್‌ನಲ್ಲಿ 5 ಮಿಮೀ, 8ರಲ್ಲಿ 4.8, 9ರಲ್ಲಿ 4.35, 10ರಲ್ಲಿ 3.95, ರೋಡ್ 11ರಲ್ಲಿ ಸುಮಾರು 3.7. ಕಾಗ್ ಜಾಸ್ತಿಯಾದರೂ ಅವು ಒತ್ತೊತ್ತಾಗಿ ಕೂರುವುದರಿಂದ ಒಟ್ಟು ಅಗಲ ಅಷ್ಟೇನೂ ಬೆಳೆಯುವುದಿಲ್ಲ. 8 ಸ್ಪೀಡ್‌ನಲ್ಲಿ ಕೊನೆಯಿಂದ ಕೊನೆಗೆ 33.6 ಮಿಮೀ, 11ರಲ್ಲಿ 37ರ ಆಸುಪಾಸು. ಅಷ್ಟೇ ವ್ಯತ್ಯಾಸ.

ಹೀಗಾಗಿ 1.7ರ ಡಿರೈಲರ್ ಹಾಕಿದರೆ 8 ಸ್ಪೀಡ್ ಕ್ಯಾಸೆಟ್‌ಗೆ ಸುಮಾರು 20 ಮಿಮೀ ಕೇಬಲ್ ಸಾಕು, 11 ಸ್ಪೀಡ್‌ಗೆ 22. ಅದೇ 11 ಸ್ಪೀಡ್ ಕ್ಯಾಸೆಟ್ಟನ್ನು ಅದರದೇ 1.4ರ ಡಿರೈಲರ್ ಜೊತೆ ಓಡಿಸಿದರೆ 27 ಮಿಮೀ ಬೇಕು. ಮೌಂಟನ್ 11ರ ಡಿರೈಲರ್, ಅದರದೇ ಕ್ಯಾಸೆಟ್ ಆದರೆ 36.

ಲಿವರ್ ಕಡೆಯಿಂದ ನೋಡೋಣ. ಕೇಬಲ್ ಸುತ್ತಿಕೊಳ್ಳುವ ಡ್ರಮ್ಮಿನ ವ್ಯಾಸ 16 ಮಿಮೀ ಎಂದುಕೊಳ್ಳಿ. 20 ಮಿಮೀ ಎಳೆಯಲು ಲಿವರನ್ನು 143 ಡಿಗ್ರಿ ತಿರುಗಿಸಬೇಕು, ಅಂದರೆ ಅರ್ಧ ಸುತ್ತಿಗಿಂತ ಕಡಿಮೆ, ಕೈಗೆ ಆರಾಮ. 27ಕ್ಕೆ 193 ಡಿಗ್ರಿ, ಅಂದರೆ ಲಿವರ್ ಪೂರ್ತಿ ಹಿಂದಕ್ಕೆ ತಿರುಗಿ ಇನ್ನೂ ಸ್ವಲ್ಪ ದಾಟಬೇಕು. 36ಕ್ಕೆ 258 ಡಿಗ್ರಿ. ಅಷ್ಟು ತಿರುಗುವ ಹಳೇ ಲಿವರ್ ಸಿಗುವುದು ಕಷ್ಟ, ತಿರುಗಿದರೂ ಅದರ ತುದಿ ಫ್ರೇಮಿಗೋ ಹ್ಯಾಂಡಲ್ ಟೇಪಿಗೋ ತಾಗುತ್ತದೆ. 5 ಸ್ಪೀಡ್ ಕಾಲದಲ್ಲಿ ಇದೇ ಲಿವರ್‌ಗೆ, 1.7ರ ಲೆಕ್ಕ ಹಿಡಿದರೆ, 13 ಮಿಮೀ ಆಸುಪಾಸು ಎಳೆದರೆ ಮುಗಿಯುತ್ತಿತ್ತು.

ಹಾಗಾದರೆ ಯಾವಾಗಲೂ 1.7ರದ್ದೇ ಹಾಕಿಬಿಡೋಣವೇ? ಅಲ್ಲೊಂದು ತಕರಾರಿದೆ. 11 ಸ್ಪೀಡ್ ಕ್ಯಾಸೆಟ್ ಮೇಲೆ 1.7ರ ಡಿರೈಲರ್ ಇದ್ದರೆ ಒಂದು ಕಾಗ್‌ಗೆ 2.2 ಮಿಮೀ ಕೇಬಲ್, ಅದೇ 16 ಮಿಮೀ ಡ್ರಮ್ಮಿನಲ್ಲಿ ಸುಮಾರು 16 ಡಿಗ್ರಿ. 8 ಸ್ಪೀಡ್‌ನಲ್ಲಿ ಇದೇ 20 ಡಿಗ್ರಿ. ಕೇಳಲು ಸಣ್ಣ ವ್ಯತ್ಯಾಸ. ಏರಿನಲ್ಲಿ ಏದುಸಿರು ಬಿಡುತ್ತಾ ಒಂದು ಕೈ ಕೆಳಗೆ ಬಿಟ್ಟು ಗೇರ್ ಬದಲಿಸುವಾಗ ಅದು ಸಣ್ಣದಲ್ಲ, ಒಂದರ ಬದಲು ಎರಡು ಗೇರ್ ಹಾರುತ್ತದೆ. 1.4ರ ಡಿರೈಲರ್‌ನಲ್ಲಿ ಕೈ ಸ್ವಲ್ಪ ಅಲುಗಿದರೂ ಅಷ್ಟಾಗಿ ಕೆಡುವುದಿಲ್ಲ, ಆದರೆ ಅದಕ್ಕೆ ಬೇಕಾದಷ್ಟು ಕೇಬಲ್ ಎಳೆಯುವ ಲಿವರ್ ನಿಮ್ಮಲ್ಲಿರಬೇಕು.

ಯಾವುದೂ ಊಹೆ ಆಗಬೇಕಿಲ್ಲ, ಅಳೆಯಬಹುದು. ಲಿವರ್‌ಗೆ ಕೇಬಲ್ ಪೋಣಿಸಿ, ತುದಿಯಿಂದ ತುದಿಗೆ ತಿರುಗಿಸಿ, ಕೇಬಲ್ ಮೇಲೆ ಗುರುತು ಹಾಕಿ ಸ್ಕೇಲಿನಲ್ಲಿ ನೋಡಿ. 24 ಮಿಮೀ ಬಂದರೆ 1.7ರ ಡಿರೈಲರ್ ಯಾವುದೇ ಆಗಲಿ ಓಡುತ್ತದೆ. 28 ದಾಟಿದರೆ ರೋಡ್ 11ರದ್ದೂ ಆಗುತ್ತದೆ. 20ಕ್ಕಿಂತ ಕೆಳಗಿದ್ದರೆ 7 ಸ್ಪೀಡ್‌ನಲ್ಲೇ ಸುಖವಾಗಿರಿ.

ಸ್ಪೀಡ್ ಸಂಖ್ಯೆ ನಂಬಿ ಕೆಡಬೇಡಿ

ಅಂಗಡಿಯಲ್ಲಿ ಪೆಟ್ಟಿಗೆ ಮೇಲೆ 9 ಸ್ಪೀಡ್ ಎಂದಿದ್ದ ಮಾತ್ರಕ್ಕೆ ಅದು ಹಳೇ 9 ಸ್ಪೀಡ್ ಎಂದುಕೊಳ್ಳಬೇಡಿ. ಶಿಮಾನೊ ಟಿಯಾಗ್ರಾ 4700 ಹತ್ತು ಸ್ಪೀಡಿನದೇ, ಆದರೆ ಅದರ ಎಳೆತ 11ರ ಜಾತಿಯದು. ಶಿಮಾನೊ ಕ್ಯೂಸ್‌ನಲ್ಲಿ 9, 10, 11 ಮೂರೂ ಇವೆ, ಮೂರರಲ್ಲೂ ಕಾಗ್‌ಗಳ ಅಂತರ 11ರದ್ದೇ. ಹಳೇ 9ರ ಜೊತೆ ಅದಕ್ಕೆ ನಂಟಿಲ್ಲ. ಸ್ರ್ಯಾಮ್ ಎಂಬ ಇನ್ನೊಂದು ಕಂಪನಿಯ ಹಳೇ ಮೌಂಟನ್ 9 ಸ್ಪೀಡ್ ಡಿರೈಲರ್ ಇನ್ನೊಂದು ತುದಿ: ಒಂದು ಗೇರ್‌ಗೆ ಸುಮಾರು 4 ಮಿಮೀ ಕೇಬಲ್ ಬೇಡುತ್ತದೆ, ಒಟ್ಟು 32. ಒಳ್ಳೆಯ, ಗಟ್ಟಿ ಡಿರೈಲರ್. ಹಳೇ ಡೌನ್‌ಟ್ಯೂಬ್ ಲಿವರ್‌ಗೆ ಮಾತ್ರ ಬೇಡ.

ಶಿಮಾನೊದ ಮಾದರಿಗಳಲ್ಲಿ ಹಳೇ ಲಿವರ್‌ಗೆ ಸುಲಭವಾಗಿ ಹೊಂದುವವು ಯಾವುವು ಎಂದರೆ, 9 ಸ್ಪೀಡ್ ಕಾಲದ ಡಿಯೋರೆ ಮತ್ತು ಎಕ್ಸ್‌ಟಿ, ಆಲ್ಟಸ್, ಅಲಿವಿಯೊಗಳ 8 ಮತ್ತು 9 ಸ್ಪೀಡ್, ರೋಡ್ ಬದಿಯಲ್ಲಿ ಕ್ಲಾರಿಸ್, ಸೋರಾ, ಹಾಗೆಯೇ 10 ಸ್ಪೀಡ್ ಕಾಲದ 105 ಮತ್ತು ಅಲ್ಟೆಗ್ರಾ. ನನ್ನ ಮೆಚ್ಚಿನದು ಇವುಗಳಲ್ಲಿ 9 ಸ್ಪೀಡ್ ಮೌಂಟನ್ ಡಿರೈಲರ್. ದೊಡ್ಡ ಕಾಗ್ ನುಂಗುತ್ತದೆ, ಉದ್ದದ ಕೇಜ್ (ಪುಲ್ಲಿಗಳನ್ನು ಹಿಡಿದಿರುವ ಚೌಕಟ್ಟು) ಇದೆ, ಎಳೆತ 1.7.

ಫ್ರಿಕ್ಷನ್ ಲಿವರ್‌ಗಳಲ್ಲೂ ಜಾತಿ ಇದೆ

ಎಲ್ಲ ಫ್ರಿಕ್ಷನ್ ಲಿವರ್ ಒಂದೇ ಅಲ್ಲ. ತೀರಾ ಸರಳವಾದದ್ದು ಬರೀ ವಾಷರ್ ಮತ್ತು ಸ್ಕ್ರೂ: ಸ್ಕ್ರೂ ಬಿಗಿ ಮಾಡಿದಷ್ಟು ಲಿವರ್ ಗಟ್ಟಿ. ಡಿರೈಲರ್ ಸ್ಪ್ರಿಂಗ್ ಕೇಬಲನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ, ಇತ್ತ ಸ್ಕ್ರೂ ಹಿಡಿದಿಡಬೇಕು. ಹೊಸ ಡಿರೈಲರ್‌ಗಳ ಸ್ಪ್ರಿಂಗ್ ಗಡುಸು. ಅದಕ್ಕೆ ತಕ್ಕಂತೆ ಸ್ಕ್ರೂ ಬಿಗಿ ಮಾಡಿದರೆ ಲಿವರ್ ಎಳೆಯಲು ಬಲ ಬೇಕು, ಸಡಿಲ ಬಿಟ್ಟರೆ ಎದ್ದು ನಿಂತು ತುಳಿಯುವಾಗ ಗೇರ್ ತಾನಾಗೇ ಚಿಕ್ಕ ಕಾಗ್‌ಗೆ ಜಾರುತ್ತದೆ. 7 ಅಥವಾ 8 ಸ್ಪೀಡ್‌ವರೆಗೆ ಇದನ್ನು ಸಹಿಸಬಹುದು. ಅದರ ಮೇಲೆ ಸುಮ್ನೆ ತಲೆನೋವು.

ಈ ತೊಂದರೆಗೆ ಹಳೇ ಕಾಲದವರೇ ಎರಡು ಉತ್ತರ ಕಂಡುಕೊಂಡಿದ್ದರು. ಫ್ರಾನ್ಸಿನ ಸಿಂಪ್ಲೆಕ್ಸ್ ಕಂಪನಿಯ ರೆಟ್ರೊಫ್ರಿಕ್ಷನ್ ಲಿವರ್‌ನಲ್ಲಿ ಒಳಗೊಂದು ಸುರುಳಿ ಸ್ಪ್ರಿಂಗ್ ಇದೆ. ಕೇಬಲ್ ಎಳೆಯುವಾಗ ಅದು ಬಿಡುತ್ತದೆ, ಡಿರೈಲರ್ ಹಿಂದಕ್ಕೆ ಎಳೆಯುವಾಗ ಹಿಡಿಯುತ್ತದೆ. ಜಪಾನಿನ ಸನ್‌ಟೂರ್ ಇದೇ ಕೆಲಸವನ್ನು ಸೂಕ್ಷ್ಮ ಹಲ್ಲಿನ ರಾಚೆಟ್ ಇಟ್ಟು ಮಾಡಿತು, ಅದೇ ಪವರ್ ರಾಚೆಟ್. ತಿರುಗಿಸಿದರೆ ಕಿರ್ರ್ ಎಂದು ಸಣ್ಣ ಸದ್ದು. ಅದನ್ನು ಗೇರಿನ ಕ್ಲಿಕ್ ಎಂದುಕೊಳ್ಳಬೇಡಿ. ಇವೆರಡರಲ್ಲಿ ಯಾವುದೇ ಸಿಕ್ಕರೂ 9, 10 ಸ್ಪೀಡ್‌ಗೆ ಧೈರ್ಯವಾಗಿ ಹೋಗಬಹುದು. ಮೃದುತ್ವ ನೋಡಿದರೆ ಸಿಂಪ್ಲೆಕ್ಸ್ ಒಂದು ಕೈ ಮೇಲೆ, ಆದರೆ ಅದು ಪೂರ್ತಿ ಎಷ್ಟು ಕೇಬಲ್ ಎಳೆಯುತ್ತದೆ ಎಂದು ಅಳೆದೇ ಮುಂದುವರಿಯಿರಿ. ಹ್ಯಾಂಡಲ್ ತುದಿಗೆ ಕೂರುವ ಸನ್‌ಟೂರ್ ಬಾರ್‌ಎಂಡ್ ಲಿವರ್ ನನ್ನ ಕಣ್ಣಿಗೆ ಇಡೀ ಹಳೇ ಸಾಮಾನಿನಲ್ಲೇ ಉತ್ತಮ: ಉದ್ದ ಲಿವರ್, ಕೈ ಹ್ಯಾಂಡಲ್ ಬಿಡಬೇಕಿಲ್ಲ, ರಾಚೆಟ್ ಹಿಡಿತ. ಹಳೆಯದು ಸಿಗದಿದ್ದರೆ ಇದೇ ಯೋಚನೆ ಹಿಡಿದು ಡಯಾಕಾಂಪೆ ಕಂಪನಿ ಈಗಲೂ ಲಿವರ್ ಮಾಡುತ್ತದೆ. ರಿವೆಂಡೆಲ್ ಕಂಪನಿಯ ಸಿಲ್ವರ್ ಲಿವರ್ ಕೂಡ ಇದೇ ಮನೆತನದ್ದು.

ಒಂದು ಸಮಾಧಾನದ ಮಾತು. ಹಳೇ ಲಿವರ್ ಹೊಸ ಸಾಮಾನಿನ ಜೊತೆ ತನ್ನ ಕಾಲದಲ್ಲಿ ಓಡಿದ್ದಕ್ಕಿಂತ ಚೆನ್ನಾಗಿ ಓಡುತ್ತದೆ. ಆಗಿನ ಫ್ರೀವೀಲ್ (ಕ್ಯಾಸೆಟ್‌ಗೂ ಮುಂಚಿನ ಕಾಗ್ ಗೊಂಚಲು) ಹಲ್ಲುಗಳು ಬಹುಪಾಲು ಚಪ್ಪಟೆ, ಚೈನು ಬಿರುಸು, ಡಿರೈಲರ್ ಕಾಗ್‌ಗಳಿಂದ ದೂರ ನೇತಾಡುತ್ತಿತ್ತು. ಗೇರ್ ಬೀಳಬೇಕಾದರೆ ಲಿವರನ್ನು ಬೇಕಂತಲೇ ಮುಂದಕ್ಕೆ ಒಯ್ದು ಮತ್ತೆ ಹಿಂದಕ್ಕೆ ತರಬೇಕಿತ್ತು. ಈಗಿನ ಕ್ಯಾಸೆಟ್‌ಗಳಲ್ಲಿ ಚೈನನ್ನು ಮೇಲಕ್ಕೆ ಎತ್ತಿಕೊಳ್ಳಲು ಇಳಿಜಾರು ಕೊರೆದ ಹಲ್ಲುಗಳಿವೆ. ಸನ್‌ಟೂರ್ 1964ರಲ್ಲಿ ಪೇಟೆಂಟ್ ಮಾಡಿದ ಓರೆ ಚೌಕಟ್ಟಿನ ಡಿರೈಲರ್ ಈಗ ಎಲ್ಲರದ್ದೂ ಆಗಿದೆ. ಅದು ಕಾಗ್‌ಗಳ ಇಳಿಜಾರನ್ನೇ ಹಿಂಬಾಲಿಸುತ್ತದೆ. ಶಿಮಾನೊದ ಮೇಲಿನ ಪುಲ್ಲಿ ಸ್ವಲ್ಪ ಅಕ್ಕಪಕ್ಕ ಆಡುತ್ತದೆ. ನಿಮ್ಮ ಕೈ ಅರ್ಧ ಮಿಲಿಮೀಟರ್ ತಪ್ಪಿದರೂ ಪುಲ್ಲಿ ತಾನೇ ಸರಿದು ನಡುವಿಗೆ ಬರುತ್ತದೆ. ಪುಲ್ಲಿ ಆಡುತ್ತಿದೆ, ಸವೆದಿದೆ ಎಂದು ಅದನ್ನು ತೆಗೆದು ಆಡದ ಪುಲ್ಲಿ ಹಾಕುವವರಿದ್ದಾರೆ. ಫ್ರಿಕ್ಷನ್ ಲಿವರ್ ಇರುವವರು ಆ ಕೆಲಸ ಮಾಡಬೇಡಿ.

ಕ್ಲಿಕ್ ಇರುವ ಹಳೇ ಲಿವರ್ ಆದರೆ

ಇಲ್ಲಿ ಲೆಕ್ಕ ಬೇರೆ. ಶಿಮಾನೊ 1984ರಲ್ಲಿ ತನ್ನ ಡ್ಯೂರಾಏಸ್ ಸರಣಿಯ ಜೊತೆ ಎಸ್‌ಐಎಸ್ ಎಂಬ ಕ್ಲಿಕ್ ವ್ಯವಸ್ಥೆ ತಂದಾಗಿನಿಂದ ಲಿವರ್ ಒಳಗೇ ಹೆಜ್ಜೆಗಳಿವೆ. ಒಂದು ಕ್ಲಿಕ್ಕಿಗೆ ಎಷ್ಟು ಕೇಬಲ್ ಎಂಬುದು ಖಾಯಂ: 7 ಸ್ಪೀಡ್ ಲಿವರ್‌ಗೆ ಸುಮಾರು 2.9 ಮಿಮೀ, 8ಕ್ಕೆ 2.8, 9ಕ್ಕೆ 2.5. ಕೇಬಲ್ ಎಳೆತವನ್ನು ಡಿರೈಲರ್ ಸಂಖ್ಯೆಯಿಂದ ಗುಣಿಸಿದರೆ ಕಾಗ್‌ಗಳ ನಡುವಿನ ದೂರ ಬರಬೇಕು. 2.8ನ್ನು 1.7ರಿಂದ ಗುಣಿಸಿದರೆ 4.76, ಅಂದರೆ 8 ಸ್ಪೀಡ್‌ಗೆ ಸರಿ. ಬಾರದಿದ್ದರೆ ಎಷ್ಟು ತಿರುಪು ತಿರುಗಿಸಿದರೂ ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಕೆಡುತ್ತದೆ.

ಆದ್ದರಿಂದ ಹಳೇ 7 ಸ್ಪೀಡ್ ಎಸ್‌ಐಎಸ್ ಲಿವರ್‌ಗೆ 7 ಸ್ಪೀಡ್ ಕ್ಯಾಸೆಟ್, 8ಕ್ಕೆ 8, ಡಿರೈಲರ್ 1.7ರ ಯಾವುದಾದರೂ ಸರಿ, ಎಷ್ಟೇ ಹೊಸದಾದರೂ ಸರಿ. 7 ಮತ್ತು 8 ಸ್ಪೀಡ್ ಕ್ಯಾಸೆಟ್, ಚೈನು ಇವತ್ತಿಗೂ ಹೊಸದಾಗಿಯೇ ತಯಾರಾಗುತ್ತವೆ, ಹಾಗಾಗಿ ಇದು ಹಳೇ ಲಿವರನ್ನು ಕ್ಲಿಕ್ ಸಮೇತ ಉಳಿಸಿಕೊಳ್ಳುವ ಅತ್ಯಂತ ನೆಮ್ಮದಿಯ ದಾರಿ. 7ರ ಲಿವರ್‌ನಲ್ಲಿ 8ರ ಕ್ಯಾಸೆಟ್ ಓಡಿಸುವವರೂ ಇದ್ದಾರೆ. ನಡುವಿನ ಗೇರುಗಳು ಸರಿ ಇರುತ್ತವೆ, ತುದಿಗಳಲ್ಲಿ ಸದ್ದು ಬರುತ್ತದೆ.

ಕಾಗದದ ಮೇಲೆ ಒಂದು ತಮಾಷೆಯ ಜೋಡಿಯೂ ಇದೆ. 8ರ ಲಿವರ್ 2.8, ಅದನ್ನು ರೋಡ್ 11ರ ಡಿರೈಲರ್ 1.4ರಿಂದ ಗುಣಿಸಿದರೆ 3.92. ಅದು 10 ಸ್ಪೀಡ್ ಕ್ಯಾಸೆಟ್‌ನ ಅಂತರ! ಆದರೆ ಲಿವರ್‌ಗೆ ಎಂಟೇ ಜಾಗ, ಹತ್ತು ಕಾಗ್‌ಗಳಲ್ಲಿ ಎರಡು ಸುಮ್ನೆ ಅಲಂಕಾರಕ್ಕೆ.

ಕೆಲವಕ್ಕೆ ಕ್ಲಿಕ್ ಆಸೆಯನ್ನೇ ಬಿಡಬೇಕು. ಡ್ಯೂರಾಏಸ್ 7400 ಸರಣಿಯ ಇಂಡೆಕ್ಸ್ (ಕ್ಲಿಕ್ ಇರುವ) ಲಿವರ್‌ಗಳ ಎಳೆತ ಶಿಮಾನೊದ ಬೇರೆ ಸಾಮಾನಿಗೇ ಹೊಂದುವುದಿಲ್ಲ. ಸನ್‌ಟೂರ್‌ನ ಕ್ಲಿಕ್ ಲಿವರ್ ಅಕ್ಯುಶಿಫ್ಟ್‌ನಲ್ಲಿ ಕ್ಲಿಕ್‌ಗಳ ಅಂತರವೇ ಒಂದೇ ಸಮ ಇಲ್ಲ, ಅದರದೇ ಫ್ರೀವೀಲ್‌ಗೆ ಅಂತ ಮಾಡಿದ್ದು. ಇಟಲಿಯ ಕ್ಯಾಂಪಾನ್ಯೋಲೊ ಕಂಪನಿಯ ಸಿಂಕ್ರೊ ತನ್ನ ಕಾಲದಲ್ಲೇ ಒಳ್ಳೆಯ ಹೆಸರು ಪಡೆಯಲಿಲ್ಲ. ಇಂಥವು ಕೈಗೆ ಸಿಕ್ಕರೆ, ಫ್ರಿಕ್ಷನ್‌ಗೆ ಬದಲಿಸುವ ಗುಂಡಿ ಇದೆಯಾ ನೋಡಿ. ಇದ್ದರೆ ಅದನ್ನೇ ಬಳಸಿ, ಕ್ಲಿಕ್ ಮರೆತುಬಿಡಿ.

ಕೇಬಲ್ ಎಳೆತವನ್ನೇ ಬದಲಿಸುವ ಸಣ್ಣ ಪುಲ್ಲಿಗಳೂ ಇವೆ, ಜೆಟೆಕ್ ಶಿಫ್ಟ್‌ಮೇಟ್, ವುಲ್ಫ್‌ಟೂತ್ ಟ್ಯಾನ್‌ಪ್ಯಾನ್ ಥರದವು. ಕೆಲಸ ಮಾಡುತ್ತವೆ. ಆದರೆ ಒಂದೊಂದು ಮಾದರಿಯೂ ಒಂದೊಂದು ಜೋಡಿಗೇ, ಜೊತೆಗೆ ಕೇಬಲ್ ದಾರಿಯಲ್ಲಿ ಇನ್ನೊಂದು ತಿರುವು, ಇನ್ನೊಂದು ಕೊಳೆ ಸೇರುವ ಜಾಗ. ಸರಿಯಾದ ಡಿರೈಲರ್ ಹುಡುಕುವುದೇ ಸುಲಭ ಎಂಬುದು ನನ್ನ ಅಭಿಪ್ರಾಯ.

ಹಳೇ ರೂಪ, ಹೊಸ ಲಿವರ್

ಕಾಣಲು ಹಳೆಯದಾಗಿರಲಿ, ಕ್ಲಿಕ್ ಮಾತ್ರ ಬೇಕೇ ಬೇಕು ಎನ್ನುವವರಿಗೆ ನಡುದಾರಿ ಇದೆ. ಶಿಮಾನೊದ 9 ಸ್ಪೀಡ್ ಬಾರ್‌ಎಂಡ್ ಲಿವರ್ ಬಿಎಸ್77ರಲ್ಲಿ ಕ್ಲಿಕ್ ಮತ್ತು ಫ್ರಿಕ್ಷನ್ ಎರಡೂ ಇವೆ. ದಾರಿಯಲ್ಲಿ ಡಿರೈಲರ್ ಬಗ್ಗಿ ಕ್ಲಿಕ್ ತಪ್ಪಿದರೆ ಫ್ರಿಕ್ಷನ್‌ಗೆ ತಿರುಗಿಸಿ ಮನೆ ಸೇರಬಹುದು. ದೂರ ಪ್ರಯಾಣ ಹೋಗುವವರು ಇದನ್ನು ಬಿಡದೆ ಹಿಡಿದಿರುವುದಕ್ಕೆ ಕಾರಣ ಇದೇ. 10 ಸ್ಪೀಡ್‌ನ ಬಿಎಸ್78, ಬಿಎಸ್79ರಲ್ಲಿ ಹಿಂದಿನ ಲಿವರ್‌ಗೆ ಫ್ರಿಕ್ಷನ್ ಇಲ್ಲ, ಕೊಳ್ಳುವ ಮುಂಚೆ ಇದು ಗೊತ್ತಿರಲಿ. ಮೈಕ್ರೊಶಿಫ್ಟ್ ಕಂಪನಿ ಕೂಡ ಬಾರ್‌ಎಂಡ್ ಮತ್ತು ಥಂಬ್ (ಹೆಬ್ಬೆರಳಿನಿಂದ ಸರಿಸುವ) ಲಿವರ್‌ಗಳನ್ನು ಮಾಡುತ್ತದೆ.

ಎಲ್ಲಿ ಕೂರಿಸುವುದು ಎಂಬುದು ಸೈಕಲ್ಲಿನ ಮೇಲೆ ಬಿಟ್ಟದ್ದು. ಡೌನ್‌ಟ್ಯೂಬ್ ಲಿವರ್‌ಗೆ ಫ್ರೇಮಿನಲ್ಲೇ ಬೆಸೆದ ಗುಬುಟು ಬೇಕು, ಇಲ್ಲವೇ ತೆಳು ಪೈಪಿಗೆ ಕೂರುವ ಪಟ್ಟಿ ಬೇಕು. ಹಳೇ ಪಟ್ಟಿಗಳು ಸಾಮಾನ್ಯವಾಗಿ 28.6 ಮಿಮೀ ಸ್ಟೀಲ್ ಪೈಪಿನವು. ದಪ್ಪ ಅಲ್ಯೂಮಿನಿಯಂ ಪೈಪಿಗೆ ಹತ್ತುವುದಿಲ್ಲ, ಕಾರ್ಬನ್ ಫ್ರೇಮಿಗೆ ಹತ್ತಿಸಲೇಬೇಡಿ. ಫ್ಲಾಟ್ ಹ್ಯಾಂಡಲ್‌ಗೆ ಥಂಬ್ ಲಿವರ್ ನೇರವಾಗಿ ಕೂರುತ್ತದೆ, ಪಾಲ್ ಕಂಪನಿಯ ಥಂಬೀಸ್ ಮೌಂಟ್ ಇದ್ದರೆ ಬಾರ್‌ಎಂಡ್ ಲಿವರನ್ನೂ ಅಲ್ಲಿ ಕೂರಿಸಬಹುದು.

ಕ್ಯಾಸೆಟ್ ಯಾವುದು?

ನನ್ನ ಆಯ್ಕೆ ಕೇಳಿದರೆ 9. ಕಾಗ್ ಅಂತರ ಇನ್ನೂ ಕೈಗೆ ಸಿಗುವಷ್ಟು ಅಗಲ, ಗೇರ್ ವ್ಯಾಪ್ತಿ ಸಾಕಷ್ಟು ದೊಡ್ಡದು, ಚೈನು ಹಳೇ ಚೈನ್‌ರಿಂಗ್ (ಪೆಡಲ್ ಬಳಿಯ ದೊಡ್ಡ ಹಲ್ಲುಚಕ್ರ) ಮೇಲೂ ಚೆನ್ನಾಗಿ ಕೂರುತ್ತದೆ. ಚೈನ್‌ರಿಂಗ್ ಮಾತು ಯಾಕೆ ಬಂತೆಂದರೆ, 8 ಸ್ಪೀಡ್ ಚೈನಿನ ಹೊರ ಅಗಲ ಸುಮಾರು 7.1 ಮಿಮೀ, 9ರದ್ದು 6.6, 10ರದ್ದು 5.9, 11ರದ್ದು 5.5 ಆಸುಪಾಸು. ಹಳೇ ಕ್ರ್ಯಾಂಕ್‌ಗಳಲ್ಲಿ ಎರಡು ರಿಂಗ್‌ಗಳ ನಡುವೆ ಸಂದು ಜಾಸ್ತಿ, ತೆಳು ಚೈನು ಆ ಸಂದಿನಲ್ಲಿ ಬಿದ್ದು ಸಿಕ್ಕಿಕೊಳ್ಳಬಹುದು, ಇಲ್ಲವೇ ಚಿಕ್ಕ ರಿಂಗಿನ ನೆತ್ತಿ ಮೇಲೆ ಜಾರುತ್ತಾ ಕೂರಬಹುದು. 8, 9ರಲ್ಲಿ ಈ ಕಾಟ ಕಡಿಮೆ.

10 ಕೂಡ ಪರವಾಗಿಲ್ಲ, ರಾಚೆಟ್ ಲಿವರ್ ಇದ್ದರೆ. 11 ಆಗುತ್ತದೆ, ಆದರೆ ಸವಾರಿ ಪೂರ್ತಿ ಕಿವಿ ಹಿಂದೆ ಇಟ್ಟಿರಬೇಕು. ಅಗಲ ವ್ಯಾಪ್ತಿಯ ಮೌಂಟನ್ 11, 12 ಬೇಡ, ಕೇಬಲ್ ಲೆಕ್ಕವೇ ಒಪ್ಪುವುದಿಲ್ಲ. ಆ ಡಿರೈಲರ್‌ಗಳ ಕ್ಲಚ್ ಕೂಡ ಕೇಜನ್ನು ಬಿಗಿ ಹಿಡಿದು ಲಿವರ್ ಭಾರ ಹೆಚ್ಚಿಸುತ್ತದೆ.

ಚಕ್ರದ ಕಡೆಯೂ ಒಂದು ಕಣ್ಣಿರಲಿ. ಹಳೇ ಫ್ರೇಮಿನ ಹಿಂಬದಿ 120 ಅಥವಾ 126 ಮಿಮೀ ಅಗಲ ಇರುತ್ತದೆ, 8ರಿಂದ 11 ಸ್ಪೀಡ್ ರೋಡ್ ಚಕ್ರಕ್ಕೆ 130 ಬೇಕು. ಸ್ಟೀಲ್ ಫ್ರೇಮಾದರೆ ತಿಳಿದವರ ಕೈಯಲ್ಲಿ ಅಗಲ ಮಾಡಿಸಬಹುದು, ಅಲ್ಯೂಮಿನಿಯಂ ಮತ್ತು ಕಾರ್ಬನ್ ಆದರೆ ಆ ಯೋಚನೆ ಬೇಡ.

ಮುಂದಿನ ಡಿರೈಲರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಫ್ರಿಕ್ಷನ್ನೇ ಒಳ್ಳೆಯದು, ರಾಜಿ ಬೇಡ. ಚೈನು ಕೇಜಿಗೆ ಉಜ್ಜಿದರೆ ಲಿವರ್ ಕೂದಲೆಳೆಯಷ್ಟು ಸರಿಸಿದರೆ ಮುಗಿಯಿತು. ರೋಡ್ 11ರ ಉದ್ದ ತೋಳಿನ ಮುಂದಿನ ಡಿರೈಲರ್‌ಗಳಿಗಿಂತ ಹಳೇ ಥರದ ಚಿಕ್ಕ ತೋಳಿನವು ಈ ಲಿವರ್‌ಗೆ ಸುಲಭ.

ಜೋಡಿಸುವಾಗ

ಹೊರ ಕೇಬಲ್ ಹೊಸದೇ ಹಾಕಿ, ಗೇರಿಗೆಂದೇ ಮಾಡಿದ, ಒತ್ತಿದರೆ ಕುಗ್ಗದ ಉದ್ದ ತಂತಿಯ ಹೌಸಿಂಗ್. ಹಳೇ ಸುರುಳಿ ಹೌಸಿಂಗ್ ಕುಗ್ಗುತ್ತದೆ, ಆಗ ನೀವು ಎಳೆದ 2.5 ಮಿಲಿಮೀಟರಿನಲ್ಲಿ ಒಂದು ಪಾಲು ಅಲ್ಲೇ ಮಾಯ. ಕೇಬಲ್ ತಲೆಯನ್ನೂ ನೋಡಿ. ಹಳೇ ಕ್ಯಾಂಪಾನ್ಯೋಲೊ ಲಿವರ್‌ನ ತೂತು ಸ್ವಲ್ಪ ಚಿಕ್ಕದು, ಶಿಮಾನೊ ಕೇಬಲ್ ತಲೆಯನ್ನು ಅದರೊಳಗೆ ಬಡಿದು ತುರುಕಿದರೆ ಆಮೇಲೆ ಹೊರಗೆ ತೆಗೆಯುವಷ್ಟರಲ್ಲಿ ಸಾಕುಬೇಕಾಗುತ್ತದೆ. ಕ್ಯಾಂಪಾನ್ಯೋಲೊ ಕೇಬಲ್ಲೇ ತನ್ನಿ, ಇಲ್ಲವೇ ತಲೆಯನ್ನು ಅರದಿಂದ ತುಸು ಉಜ್ಜಿ.

ಲಿವರ್ ಪೂರ್ತಿ ಮುಂದಕ್ಕೆ, ಚೈನು ಚಿಕ್ಕ ಕಾಗ್ ಮೇಲೆ, ಕೇಬಲ್ ಸಡಿಲ ಇಲ್ಲದ ಹಾಗೆ ಬಿಗಿ ಮಾಡಿ. ಇಲ್ಲಿ ಎರಡು ಮಿಲಿಮೀಟರ್ ಸಡಿಲ ಬಿಟ್ಟರೆ ಅದು ಆ ತುದಿಯಲ್ಲಿ ದೊಡ್ಡ ಕಾಗ್ ತಲುಪದೆ ತೋರುತ್ತದೆ. ಡಿರೈಲರ್ ಎಷ್ಟು ದೂರ ಸರಿಯಬಹುದು ಎಂದು ಮಿತಿ ಹಾಕುವ ಎರಡೂ ಲಿಮಿಟ್ ಸ್ಕ್ರೂಗಳನ್ನು ಎಂದಿಗಿಂತ ಎಚ್ಚರವಾಗಿ ಹೊಂದಿಸಿ, ಫ್ರಿಕ್ಷನ್ ಲಿವರ್‌ಗೆ ನಿಲ್ಲಬೇಕಾದ ಜಾಗ ಗೊತ್ತಿಲ್ಲ, ಚೈನು ಕಡ್ಡಿಗಳೊಳಗೆ ಬೀಳದಂತೆ ತಡೆಯುವುದು ಆ ಸ್ಕ್ರೂ ಒಂದೇ. ಮೊದಲ ಕೆಲವು ಸವಾರಿಗಳಲ್ಲಿ ಕೇಬಲ್ ಹಿಗ್ಗುತ್ತದೆ, ವಾಷರ್‌ಗಳೂ ಕೂರುತ್ತವೆ, ಲಿವರ್ ಜಾರತೊಡಗುತ್ತದೆ. ಲಿವರಿನ ಸ್ಕ್ರೂಗೆ ಪುಟ್ಟ ಉಂಗುರ ಇದ್ದರೆ ದಾರಿಯಲ್ಲೇ ಬೆರಳಲ್ಲಿ ಕಾಲು ಸುತ್ತು ಬಿಗಿ ಮಾಡಿ. ಇಲ್ಲದಿದ್ದರೆ ಜೇಬಿನಲ್ಲಿ ಒಂದು ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಹೊರಡಿ.